ಹಕ್ಕು ಬರೀ ಕಾಗದ ಎಂದು ಪಾಠ ಹೇಳಿದ ವರ್ಷ

ಆಕೆ ನನ್ನನ್ನು ದ್ವೇಷಿಸಲು ಶುರು ಮಾಡಿದ್ದು ಮೂರನೆಯ ಭಾನುವಾರ, ಬೆಳಗಿನ ಹನ್ನೊಂದು ಗಂಟೆಯ ಹೊತ್ತಿಗೆ. ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ಆ ಹೊತ್ತಿನಲ್ಲಿ ನಾನು ಕರಿಹಲಗೆಯ ಮೇಲೆ ಏನು ಬರೆದಿದ್ದೆ ಎಂಬುದನ್ನು ಕೆಲವು ವರ್ಷಗಳ ನಂತರ ಒಂದು ನ್ಯಾಯಾಲಯದಲ್ಲಿ ನನಗೇ ಓದಿ ಹೇಳಲಾಯಿತು.

ತೊಂಬತ್ತರ ದಶಕದ ಕೊನೆಯ ಮಾತು. ಹೆಂಡತಿಗೆ ಬ್ಯಾಂಕಿನಲ್ಲಿ ಮದರಾಸಿಗೆ ವರ್ಗವಾಗಿ ನಾವು ಮೈಸೂರು ಬಿಟ್ಟಿದ್ದೆವು. ನಾನು ನುಂಗಂಬಾಕ್ಕಂನ ಒಂದು ಕಾನೂನು ಪತ್ರಿಕೆಯ ಕಚೇರಿಯಲ್ಲಿ ತೀರ್ಪುಗಳ ಸಾರಾಂಶ ಬರೆಯುವ ಕೆಲಸಕ್ಕೆ ಸೇರಿದೆ. ಅರವತ್ತು ಪುಟದ ತೀರ್ಪನ್ನು ಆರು ಸಾಲಿಗೆ ಇಳಿಸುವುದು ನನ್ನ ಕಸುಬು. ಕಾನೂನು ಓದಿದ್ದೆ, ಕರಿ ಕೋಟು ಹಾಕಿರಲಿಲ್ಲ. ದಿನವಿಡೀ ತೀರ್ಪು ಓದುವವನಿಗೆ ಒಂದು ಕಾಯಿಲೆ ತಗುಲುತ್ತದೆ, ಯಾವುದರ ಮೇಲೂ ನಂಬಿಕೆ ಉಳಿಯುವುದಿಲ್ಲ. ಒಂದೇ ಕಲಂ, ಒಂದೇ ಬಗೆಯ ತಪ್ಪು. ಒಬ್ಬ ನ್ಯಾಯಾಧೀಶರು ಕಾರ್ಮಿಕನನ್ನು ಕೆಲಸಕ್ಕೆ ವಾಪಸು ತೆಗೆದುಕೊಳ್ಳಿ ಎನ್ನುತ್ತಾರೆ, ಇನ್ನೊಬ್ಬರು ಅವನನ್ನು ಮನೆಗೆ ಕಳಿಸಿದ್ದೇ ಸರಿ ಎನ್ನುತ್ತಾರೆ. ಇಬ್ಬರೂ ಆಧಾರವಾಗಿ ತೋರಿಸುವುದು ಅದೇ ಹಳೆಯ ತೀರ್ಪನ್ನು.

ಇಂಥ ಮನಸ್ಥಿತಿಯಲ್ಲಿದ್ದಾಗ ಅಮೆರಿಕದ ಕಾನೂನು ಕಾಲೇಜುಗಳಲ್ಲಿ ಹುಟ್ಟಿದ ಒಂದು ವಿಮರ್ಶಾ ಪಂಥದ ಲೇಖನಗಳು ನನ್ನ ಕೈಗೆ ಸಿಕ್ಕವು. ಕಾನೂನು ತಾನೇ ಏನನ್ನೂ ತೀರ್ಮಾನಿಸುವುದಿಲ್ಲ, ತೀರ್ಮಾನಿಸುವುದು ಅಧಿಕಾರ, ಕಾನೂನು ಅದಕ್ಕೆ ಉಡಿಸಿದ ಬಟ್ಟೆ ಎಂದು ಅವರು ಬರೆದಿದ್ದರು. ಹಕ್ಕುಗಳ ಬಗ್ಗೆ ಅವರಿಗೆ ಇನ್ನೂ ಅಸಹನೆ. ಹಕ್ಕು ಎನ್ನುವುದು ಬಡವನ ಕೈಗೆ ಕೊಟ್ಟ ಗಿಲಕಿ, ಅದನ್ನು ಆಡಿಸುತ್ತ ಕೂತರೆ ಅವನು ನಿಜವಾದ ಜಗಳಕ್ಕೆ ಇಳಿಯುವುದೇ ಇಲ್ಲ ಎಂಬ ಅರ್ಥದ ವಾದ. ಓದಿ ನನಗೆ ಮೈಯೆಲ್ಲ ಬಿಸಿಯಾಯಿತು. ನಾನು ಒಳಗೊಳಗೇ ಅನುಭವಿಸುತ್ತಿದ್ದ ಹೇಸಿಗೆಗೆ ಯಾರೋ ವಿದ್ವಾಂಸರು ಹೆಸರು ಕೊಟ್ಟಿದ್ದರು. ಹೇಸಿಗೆ ಪಾಂಡಿತ್ಯವಾದರೆ ಅದಕ್ಕಿಂತ ಸುಖ ಬೇರೆ ಇಲ್ಲ.

ಅದೇ ಸಮಯಕ್ಕೆ ನಮ್ಮ ಕಚೇರಿಯ ಹತ್ತಿರದ ಒಂದು ಖಾಸಗಿ ಸಂಸ್ಥೆಯವರು ಭಾನುವಾರಗಳಲ್ಲಿ ಕಾರ್ಮಿಕ ಕಾನೂನಿನ ಡಿಪ್ಲೊಮಾ ತರಗತಿ ಶುರು ಮಾಡಿ, ಪಾಠ ಹೇಳಲು ನನ್ನನ್ನು ಕರೆದರು. ಒಂದು ಶಾಲೆಯ ಮೊದಲ ಮಹಡಿ. ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಮಡಚಿ ಕೂತ ಮೂವತ್ತು ಮಂದಿ ದೊಡ್ಡವರು. ಮುಂದಿನ ಸಾಲುಗಳಲ್ಲಿ ಕಂಪನಿಗಳ ಸಿಬ್ಬಂದಿ ಅಧಿಕಾರಿಗಳು, ಅವರನ್ನು ಕಂಪನಿಗಳೇ ಕಳಿಸಿದ್ದವು. ಹಿಂದೆ ಯೂನಿಯನ್ನಿನ ಕೆಲವರು. ಕಿಟಕಿಯ ಪಕ್ಕ, ಎಲ್ಲರಿಗಿಂತ ಹಿಂದೆ, ಇಪ್ಪತ್ತೇಳು ಇಪ್ಪತ್ತೆಂಟರ ಒಬ್ಬಳು ಹೆಂಗಸು. ಆಕೆ ಮಾತಾಡುತ್ತಿರಲಿಲ್ಲ, ಬರೆದುಕೊಳ್ಳುತ್ತಿದ್ದಳು.

ಪಠ್ಯಕ್ರಮದ ಪ್ರಕಾರ ನಾನು ಕಾರ್ಖಾನೆ ಕಾಯಿದೆಯಿಂದ ಶುರು ಮಾಡಬೇಕಿತ್ತು. ಮಾಡಲಿಲ್ಲ. ‘ಕಾನೂನು ಎಂದರೇನು’ ಎಂಬ ಹೆಸರಿನಲ್ಲಿ ನಾಲ್ಕು ಭಾನುವಾರಗಳನ್ನು ನನ್ನ ಹೊಸ ಗುರುಗಳಿಗೆ ಮೀಸಲಿಟ್ಟೆ. ಮೂರನೆಯ ವಾರ ಹಲಗೆಯ ಮೇಲೆ ಎರಡು ತೀರ್ಪು ಬರೆದೆ. ಎರಡರಲ್ಲೂ ಕೆಲಸದ ಹೊತ್ತಿನಲ್ಲಿ ನಿದ್ದೆ ಮಾಡಿದ ಕಾರ್ಮಿಕ. ಒಬ್ಬ ಗೆದ್ದ, ಒಬ್ಬ ಸೋತ. ‘ಯಾವುದು ಕಾನೂನು?’ ಎಂದು ಕೇಳಿದೆ. ಕೆಳಗೆ ದೊಡ್ಡ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಬರೆದೆ: ಹಕ್ಕು ಬರೀ ಕಾಗದ.

ಅದರ ಮೇಲೆ ಮುಕ್ಕಾಲು ಗಂಟೆ ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ. ಯೂನಿಯನ್ನಿನವರು ತಲೆದೂಗಿದರು. ಮುಂದಿನ ಸಾಲಿನಲ್ಲಿ, ಗಿಂಡಿಯ ಕೈಗಾರಿಕಾ ಎಸ್ಟೇಟಿನ ಒಂದು ಎಲೆಕ್ಟ್ರಾನಿಕ್ ಬಿಡಿಭಾಗಗಳ ಕಾರ್ಖಾನೆಯ ಸಿಬ್ಬಂದಿ ಅಧಿಕಾರಿ ಎಂದಿನಂತೆ ಮುತ್ತು ಪೋಣಿಸಿದ ಅಕ್ಷರದಲ್ಲಿ ಎಲ್ಲವನ್ನೂ ಇಳಿಸಿಕೊಂಡ. ತುಂಬ ವಿನಯದ ಮನುಷ್ಯ. ಮನೆಯಿಂದ ಫ್ಲಾಸ್ಕಿನಲ್ಲಿ ಕಾಫಿ ತಂದು ನನಗೂ ಅರ್ಧ ಲೋಟ ಕೊಡುತ್ತಿದ್ದ. ನಾನು ಆ ಕಾಫಿ ಕುಡಿಯುತ್ತಿದ್ದೆ.

ತರಗತಿ ಮುಗಿದು ಮೆಟ್ಟಿಲಿಳಿಯುವಾಗ ಹಿಂದಿನಿಂದ ಕನ್ನಡ ಕೇಳಿಸಿತು.

“ಸಾರ್, ನೀವು ಕನ್ನಡದವ್ರು ಅಂತ ನಿಮ್ ತಮಿಳ್ ಕೇಳಿದ್ರೇ ತೆರಿಯುತ್ತೆ. ಒಂದು ನಿಮಿಷ ನಿಲ್ಲಿ.”

ಕಿಟಕಿ ಪಕ್ಕದ ಹೆಂಗಸು. ಆಕೆಯ ಕನ್ನಡದಲ್ಲಿ ತಮಿಳು ನುಸುಳುತ್ತಿತ್ತು, ‘ತೆರಿಯುತ್ತೆ’ ಎಂದರೆ ಗೊತ್ತಾಗುತ್ತೆ. ಆಕೆಯ ತಾತ ಮೈಸೂರು ಕಡೆಯ ಬಡಗಿ. ಕನ್ನಡ ಸಿನಿಮಾಗಳನ್ನು ಇಲ್ಲೇ ತೆಗೆಯುತ್ತಿದ್ದ ಕಾಲದಲ್ಲಿ ಸ್ಟುಡಿಯೋ ಸೆಟ್ಟು ಕಟ್ಟಲು ಕೋಡಂಬಾಕ್ಕಂಗೆ ಬಂದು ಅಲ್ಲೇ ಉಳಿದವನು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆ ದಿನ ಆಕೆ ಪರಿಚಯ ಹೇಳಿಕೊಳ್ಳಲು ನಿಂತವಳಲ್ಲ.

“ಮುಂದೆ ಕೂತು ಬರ್ಕೊಳ್ತಾ ಇದ್ರಲ್ಲ, ಕಾಫಿ ಕೊಡ್ತಾರಲ್ಲ ನಿಮಗೆ, ಅವರು ಯಾರು ಗೊತ್ತಾ? ನಮ್ ಫ್ಯಾಕ್ಟರಿ ಆಫೀಸರ್. ನಾನು ಅಲ್ಲಿ ಲೈನಲ್ಲಿ ಸೋಲ್ಡರಿಂಗ್ ಮಾಡ್ತೀನಿ. ಅವರ ಮುಂದೆ ಹಕ್ಕು ಬರೀ ಕಾಗದ ಅಂತ ಬರೆದ್ರಲ್ಲ, ಯಾಕೆ?”

ನನಗೆ ಅರ್ಥವಾಗಲಿಲ್ಲ ಎಂದೆ.

ಆಗ ಹೇಳಿದಳು. ಆಕೆಯ ಲೈನಿನಲ್ಲಿ ನಲವತ್ತು ಹೆಂಗಸರು. ಶೌಚಾಲಯಕ್ಕೆ ಹೋಗಬೇಕಾದರೆ ಸೂಪರ್‌ವೈಸರ್ ಮೇಜಿನ ಮೇಲಿದ್ದ ಹಿತ್ತಾಳೆ ಬಿಲ್ಲೆಯನ್ನು ಕೇಳಿ ಪಡೆದು ಹೋಗಬೇಕು. ಇದ್ದದ್ದು ಒಂದೇ ಬಿಲ್ಲೆ. ಒಬ್ಬಳು ಹೋದರೆ ಬರುವ ತನಕ ಇನ್ನೊಬ್ಬಳು ಕಾಯಬೇಕು. ಸೂಪರ್‌ವೈಸರ್‌ಗೆ ಮನಸ್ಸಿಲ್ಲದಿದ್ದರೆ ಬಿಲ್ಲೆ ಅವನ ಜೇಬಿನಲ್ಲೇ ಇರುತ್ತಿತ್ತು. ಹೆಂಗಸರು ಬೆಳಗ್ಗೆಯಿಂದ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಇಬ್ಬರು ಆಸ್ಪತ್ರೆ ಸೇರಿದ್ದರು. ನಮ್ಮ ತರಗತಿಗೆ ಸೇರಿದ ಮೇಲೆ ಆಕೆ ಕಾರ್ಖಾನೆ ಕಾಯಿದೆಯ ಪುಸ್ತಕ ತೆಗೆದು ನೋಡಿದಳು. ಕೆಲಸದಲ್ಲಿರುವ ಎಲ್ಲ ಹೊತ್ತಿನಲ್ಲೂ ಶೌಚಾಲಯ ಕಾರ್ಮಿಕರ ಕೈಗೆಟುಕುವಂತೆ ಇರಬೇಕು ಎಂದು ಅದರಲ್ಲಿ ಒಂದು ಸಾಲಿದೆ. ಅದನ್ನು ಇಂಗ್ಲಿಷಿನಲ್ಲೂ ತಮಿಳಿನಲ್ಲೂ ಬರೆದು ಲೈನಿನ ಪಕ್ಕದ ಗೋಡೆಗೆ ಅಂಟಿಸಿದಳು. ಮೂರು ದಿನ ಯಾರೂ ಏನೂ ಅನ್ನಲಿಲ್ಲ. ನಾಲ್ಕನೆಯ ದಿನ ಬಿಲ್ಲೆ ಮೇಜಿನ ಮೇಲೆ ಇರಲಿಲ್ಲ. ಯಾರೂ ಕೇಳಲಿಲ್ಲ, ಹೆಂಗಸರು ಸುಮ್ಮನೆ ಎದ್ದು ಹೋಗಿಬಂದರು.

“ಒಂದು ಲೈನ್ ಸಾರ್. ಬುಕ್ಕಲ್ಲಿ ಒಂದೇ ಲೈನ್.”

ನನ್ನೊಳಗಿನ ಮೇಷ್ಟರು ಅಲ್ಲಿ ಸುಮ್ಮನಿರಬೇಕಿತ್ತು. ಇರಲಿಲ್ಲ. ಕೆಲಸ ಮಾಡಿದ್ದು ಆ ಸಾಲಲ್ಲ, ನಿಮ್ಮ ನಲವತ್ತು ಜನರ ಒಗ್ಗಟ್ಟು, ಸಾಲು ಅದಕ್ಕೊಂದು ಅಲಂಕಾರ, ನಾಳೆ ಅದೇ ಸಾಲಿಗೆ ಕಂಪನಿಯ ವಕೀಲ ಬೇರೆ ಅರ್ಥ ಹೇಳುತ್ತಾನೆ ಎಂದು ವಿವರಿಸಿದೆ. ಮುಗುಳ್ನಗುತ್ತಲೇ ವಿವರಿಸಿದೆ ಎಂದು ನೆನಪು.

“ನಾವು ನಲವತ್ತು ಜನ ಮುಂಚೇನೂ ಇದ್ವಿ ಸಾರ್,” ಎಂದಳು. “ಆರು ವರ್ಷ ಇದ್ವಿ.”

ಮೆಟ್ಟಿಲಿಳಿದು ಹೋದಳು. ನನಗೆ ಸಿಟ್ಟು ಬಂತು. ಆ ಉತ್ತರಕ್ಕೆ ಪ್ರತ್ಯುತ್ತರ ಸಿಗದೆ ಬಂದ ಸಿಟ್ಟು ಅದು. ಆದರೆ ಆಗ ನಾನು ಅದನ್ನು ಓದದವಳ ಮೊಂಡುತನದ ಮೇಲಿನ ಸಿಟ್ಟು ಎಂದುಕೊಂಡೆ.

ಎರಡು ವಾರದಲ್ಲಿ ಆಕೆಗೆ ಚಾರ್ಜ್‌ಶೀಟು ಬಂತು. ಅನುಮತಿಯಿಲ್ಲದೆ ಕಂಪನಿಯ ಗೋಡೆಗೆ ಕಾಗದ ಅಂಟಿಸಿದ್ದು ಒಂದು, ಸೂಪರ್‌ವೈಸರನ್ನು ಅವಾಚ್ಯವಾಗಿ ಬೈದದ್ದು ಇನ್ನೊಂದು. ಬೈದದ್ದು ಸುಳ್ಳು. ಬಿಲ್ಲೆ ಮತ್ತೆ ಮೇಜಿನ ಮೇಲೆ ಬಂದು ಕೂತಿತ್ತು.

ತರಗತಿಯ ನಂತರ ಆಕೆ ಚಾರ್ಜ್‌ಶೀಟು ತಂದು ನನ್ನ ಮುಂದೆ ಇಟ್ಟಳು. ಉತ್ತರ ಬರೆದುಕೊಡಿ, ಅಷ್ಟೇ ಸಾಕು ಎಂದಳು. ಕೇಳಿದ್ದು ಅಷ್ಟೇ. ನಾನು ಅಷ್ಟಕ್ಕೆ ನಿಲ್ಲಲಿಲ್ಲ. ಕಾರ್ಖಾನೆಯೊಳಗೆ ನಡೆಯುವ ವಿಚಾರಣೆಗೆ ನಾನೇ ನಿಮ್ಮ ಪರವಾಗಿ ಬರುತ್ತೇನೆ ಎಂದೆ. ಇಂಥ ವಿಚಾರಣೆಗೆ ಸಾಮಾನ್ಯವಾಗಿ ಜೊತೆಯ ಕೆಲಸಗಾರರನ್ನು ಬಿಟ್ಟು ಹೊರಗಿನವರನ್ನು ಬಿಡುವುದಿಲ್ಲ. ಅರ್ಜಿ ಕೊಟ್ಟೆವು. ಕಂಪನಿ ಮರುದಿನವೇ ಒಪ್ಪಿತು. ಅದನ್ನು ನನ್ನ ಮೊದಲ ಗೆಲುವೆಂದು ಮನೆಯಲ್ಲಿ ಹೇಳಿಕೊಂಡೆ.

ನನ್ನ ಹೆಂಡತಿ ಬ್ಯಾಂಕಿನ ಫೈಲು ನೋಡುತ್ತಿದ್ದವಳು ತಲೆ ಎತ್ತದೆ ಕೇಳಿದಳು, “ಅಷ್ಟು ಬೇಗ ಯಾಕಂತೆ ಒಪ್ಕೊಂಡ್ರು?”

“ಹೆದರಿಕೊಂಡಿದಾರೆ.”

“ನಿಮಗಾ?” ಎಂದಳು. ಆ ಒಂದು ಪದಕ್ಕೆ ನಾನು ಎರಡು ದಿನ ಮಾತು ಬಿಟ್ಟೆ.

ವಿಚಾರಣೆ ನಡೆದದ್ದು ಮಧ್ಯಾಹ್ನ, ಕಾರ್ಖಾನೆಯ ಉಗ್ರಾಣದ ಪಕ್ಕದ ಕೋಣೆಯಲ್ಲಿ. ಗೋಡೆಯಾಚೆ ಯಂತ್ರಗಳ ಗುಂಯ್ ಎನ್ನುವ ಸದ್ದು, ಸುಟ್ಟ ಸೀಸದ ವಾಸನೆ. ವಿಚಾರಣಾಧಿಕಾರಿ ಕಂಪನಿಯೇ ನೇಮಿಸಿದ ಒಬ್ಬ ವಯಸ್ಸಾದ ವಕೀಲ. ಕುರ್ಚಿಯ ಬೆನ್ನಿಗೆ ಟವೆಲ್ ಹಾಸಿಕೊಂಡು ಕೂತಿದ್ದ. ಪಕ್ಕದಲ್ಲಿ ನನ್ನ ಕಾಫಿಯ ಗೆಳೆಯ, ಸಿಬ್ಬಂದಿ ಅಧಿಕಾರಿ. ಎದ್ದು ನಿಂತು ‘ವಾಂಗ ಸಾರ್’ ಎಂದು ಕುರ್ಚಿ ಎಳೆದುಕೊಟ್ಟ.

ಮೊದಲ ಸಾಕ್ಷಿ ಸೂಪರ್‌ವೈಸರ್. ಬಾಗಿಲ ಬಳಿಯೇ ನಿಂತು ಸಿಬ್ಬಂದಿ ಅಧಿಕಾರಿಯ ಮುಖ ನೋಡುತ್ತಿದ್ದ. ಆಕೆ ರಾತ್ರಿಯೆಲ್ಲ ಕೂತು ಅವನಿಗೆ ಕೇಳಬೇಕಾದ ಹತ್ತೊಂಬತ್ತು ಪ್ರಶ್ನೆ ಬರೆದುಕೊಂಡು ಬಂದಿದ್ದಳು. ನಾನು ನಿನ್ನನ್ನು ಬೈದದ್ದು ಯಾವ ದಿನ, ಯಾವ ಪದ ಬಳಸಿ, ಪಕ್ಕದಲ್ಲಿ ಯಾರಿದ್ದರು. ಚಿಕ್ಕ ಚಿಕ್ಕ ಪ್ರಶ್ನೆಗಳು. ಹಾಳೆಯನ್ನು ನನ್ನ ಮುಂದೆ ಸರಿಸಿದಳು. ನಾನು ಅದನ್ನು ಮಗುಚಿ ಇಟ್ಟೆ.

ಎದ್ದು ನಿಂತು, ಕಂಪನಿ ನೇಮಿಸಿ ಕಂಪನಿಯ ಊಟ ತಿಂದು ಕೂತ ನೀವು ನಿಷ್ಪಕ್ಷಪಾತಿ ಆಗುವುದು ಹೇಗೆ ಎಂದು ವಿಚಾರಣಾಧಿಕಾರಿಯನ್ನು ಕೇಳಿದೆ. ಅಲ್ಲಿಂದ ನಿಷ್ಪಕ್ಷಪಾತ ಎನ್ನುವುದೇ ಹೇಗೆ ಒಂದು ನಾಟಕ ಎಂಬಲ್ಲಿಗೆ ಹೋದೆ. ನಾನು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ಇವತ್ತಿಗೂ ಅದನ್ನೇ ಹೇಳುತ್ತೇನೆ. ಮುದುಕ ಕಣ್ಣು ಮುಚ್ಚಿ ಕೇಳಿದ. ಮುಗಿದ ಮೇಲೆ ಸಿಬ್ಬಂದಿ ಅಧಿಕಾರಿ ತನ್ನ ಚೀಲದಿಂದ ನೋಟ್ ಪುಸ್ತಕ ತೆಗೆದ.

“ಸಾರ್ ನಮಗೆ ಪ್ರತಿ ಭಾನುವಾರ ಪಾಠ ಮಾಡುತ್ತಾರೆ,” ಎಂದು ವಿಚಾರಣಾಧಿಕಾರಿಗೆ ತಮಿಳಿನಲ್ಲಿ, ನಿಜವಾದ ಗೌರವದಿಂದ ಹೇಳಿದ. “ಹಕ್ಕು ಬರೀ ಕಾಗದ, ಕಾನೂನಿನ ಸಾಲಿಗೆ ತನ್ನದೇ ಅರ್ಥವಿಲ್ಲ ಎಂದು ಸಾರೇ ಹೇಳಿಕೊಟ್ಟಿದ್ದಾರೆ. ಈಯಮ್ಮ ಅಂಥ ಒಂದು ಸಾಲನ್ನು ಗೋಡೆಗೆ ಅಂಟಿಸಿ ಇದು ನಮ್ಮ ಹಕ್ಕು ಅನ್ನುತ್ತಾರೆ. ಸಾರ್ ಪಾಠದ ಪ್ರಕಾರ ಇದಕ್ಕೆ ಅರ್ಥವಿದೆಯಾ?”

ಆಕೆ ನನ್ನ ಮುಖ ನೋಡಿದಳು. ಕಂಪನಿ ನನ್ನನ್ನು ಒಳಗೆ ಬಿಟ್ಟದ್ದು ಯಾಕೆಂದು ನನಗೆ ಆಗ ಹೊಳೆಯಿತು. ಪಾಠಕ್ಕೂ ಇದಕ್ಕೂ ಇರುವ ವ್ಯತ್ಯಾಸ ಹೇಳಬಹುದಿತ್ತು. ಕೊನೆಗೆ ಆ ಹತ್ತೊಂಬತ್ತು ಪ್ರಶ್ನೆಗಳನ್ನಾದರೂ ಕೈಗೆತ್ತಿಕೊಳ್ಳಬಹುದಿತ್ತು. ನಾನು ಕಾಗದಗಳನ್ನು ಚೀಲಕ್ಕೆ ತುರುಕಿ, “ಈ ನಾಟಕದಲ್ಲಿ ನಾವು ಭಾಗವಹಿಸುವುದಿಲ್ಲ,” ಎಂದು ಇಂಗ್ಲಿಷಿನಲ್ಲಿ ಘೋಷಿಸಿದೆ.

“ಸಾರ್, ಬೇಡ. ಕೂತ್ಕೊಳ್ಳಿ,” ಆಕೆ ಕನ್ನಡದಲ್ಲಿ, ತಗ್ಗಿದ ದನಿಯಲ್ಲಿ ಹೇಳಿದಳು. “ಅವನು ಹೆದರ್ಕೊಂಡಿದಾನೆ ನೋಡಿ. ಕೇಳಿದ್ರೆ ಉಳರ್ತಾನೆ.” ಉಳರುವುದೆಂದರೆ ತಡಬಡಾಯಿಸಿ ಏನೇನೋ ಬಾಯಿಬಿಡುವುದು.

“ಇಲ್ಲಿ ಕೂತರೆ ಇವರು ಮಾಡೋದಕ್ಕೆಲ್ಲ ಮಾನ್ಯತೆ ಕೊಟ್ಟ ಹಾಗೆ. ಏಳಿ,” ಎಂದೆ.

ಆಕೆ ಇನ್ನೊಮ್ಮೆ ಬೇಡ ಎಂದಳು. ನಾನು ಆಗಲೇ ಬಾಗಿಲಲ್ಲಿದ್ದೆ. ಹೊರಗಿನಿಂದ ಬಂದ ಇಂಗ್ಲಿಷ್ ಬಲ್ಲ ಮೇಷ್ಟರು ಎದ್ದು ಹೋದರೆ ಸೋಲ್ಡರಿಂಗ್ ಮಾಡುವ ಹೆಂಗಸು ಒಬ್ಬಳೇ ಕೂತಿರುವುದು ಹೇಗೆ? ಎದ್ದು ಬಂದಳು. ಎಸ್ಟೇಟಿನ ರಸ್ತೆಯಲ್ಲಿ ಗಿಂಡಿ ಸ್ಟೇಷನ್ನಿನ ತನಕ ನನ್ನಿಂದ ಹತ್ತು ಹೆಜ್ಜೆ ಹಿಂದೆ ನಡೆದಳು. ರೈಲಿನಲ್ಲಿ ಹೆಂಗಸರ ಡಬ್ಬಿ ಹತ್ತಿದಳು.

ವಿಚಾರಣೆ ಆಕೆ ಇಲ್ಲದೆಯೇ ಮುಗಿಯಿತು. ಆಪಾದಿತೆ ತಾನಾಗಿ ಹೊರನಡೆದಳು, ಸಾಕ್ಷಿಯನ್ನು ಪ್ರಶ್ನಿಸುವ ಅವಕಾಶವನ್ನು ಕೈಯಾರೆ ಬಿಟ್ಟಳು ಎಂದು ಮುದುಕ ಬರೆದ. ತಿಂಗಳೊಳಗೆ ಕೆಲಸದಿಂದ ವಜಾ. ಆ ಭಾನುವಾರ ಕಿಟಕಿಯ ಪಕ್ಕದ ಬೆಂಚು ಖಾಲಿ ಇತ್ತು. ಮುಂದಿನ ಸಾಲಿನವನು ಫ್ಲಾಸ್ಕು ತೆಗೆದ. ನಾನು ಬೇಡ ಎಂದೆ. “ತುಂಬ ಉಪಯುಕ್ತವಾದ ತರಗತಿ ಸಾರ್,” ಎಂದು ಅವನು ಹೇಳಿದ್ದು ವ್ಯಂಗ್ಯಕ್ಕಲ್ಲ, ಪ್ರಾಮಾಣಿಕವಾಗಿಯೇ. ಅವನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಅವನ ಪ್ರಾಮಾಣಿಕತೆಯನ್ನಂತೂ ಕ್ಷಮಿಸುವುದೇ ಇಲ್ಲ.

ವಿಷಯ ತಿಳಿದು ಹೆಂಡತಿ ಒಂದೇ ಮಾತು ಆಡಿದಳು: “ಎದ್ದು ಬಂದಿದ್ದು ನೀವು, ಕೆಲಸ ಹೋಗಿದ್ದು ಅವಳದು.”

ಕ್ಷಮೆ ಕೇಳಲು ಕೋಡಂಬಾಕ್ಕಂಗೆ ಹೋದೆ. ಹಳೆಯ ಸ್ಟುಡಿಯೋ ಒಂದರ ಕಾಂಪೌಂಡಿನ ಹಿಂದೆ ಓಣಿಯಲ್ಲಿ ಎರಡು ಕೋಣೆಯ ಮನೆ. ಸ್ಟುಡಿಯೋ ಇದ್ದ ಜಾಗದಲ್ಲಿ ಅಪಾರ್ಟ್‌ಮೆಂಟು ಏಳುತ್ತಿತ್ತು. ಅವಳ ಅಮ್ಮ ಬಾಗಿಲು ತೆಗೆದು, ಕನ್ನಡದವನೆಂದು ತಿಳಿದು, “ಒಳಕ್ ಬನ್ನಿ, ಕೂತ್ಕಳಿ,” ಎಂದು ಚಾಪೆ ಹಾಸಿದರು. ಆ ಮಾತಿನಲ್ಲಿ ನಂಜನಗೂಡಿನ ಕಡೆಯ ರಾಗ ಇನ್ನೂ ಇತ್ತು. ಮಗಳು ಒಳಗಿನಿಂದ ಬಂದು ಅಮ್ಮನನ್ನು ತಮಿಳಿನಲ್ಲಿ ಒಳಗೆ ಕಳಿಸಿದಳು.

ನಾನು ತಯಾರು ಮಾಡಿಕೊಂಡು ಬಂದಿದ್ದ ಮಾತು ಶುರು ಮಾಡಿದೆ. ಎರಡು ವಾಕ್ಯ ಆಗುವಷ್ಟರಲ್ಲಿ ಆಕೆ ಕೈ ಎತ್ತಿದಳು.

“ಅದೆಲ್ಲ ನಿಮ್ಮ ಮನಸ್ಸು ಹಗುರ ಆಗಕ್ಕೆ. ನನಗೆ ವೇಲೆ ವಾಪಸು ಬೇಕು, ನನ್ ಕೆಲಸ. ನೀವು ಪತ್ರಿಕೆ ಆಫೀಸಲ್ಲಿ ಇದೀರ. ಹೊರಗೆ ಎದ್ದು ಹೋದವರ ಕೇಸ್, ಕಾಗದ ಅಂಟಿಸಿದವರ ಕೇಸ್, ಎಲ್ಲಾ ತೀರ್ಪು ತೆಗೆದು ಕೊಡಿ. ನಿಮ್ ಅಭಿಪ್ರಾಯ ಬೇಡ. ತೀರ್ಪು ಮಾತ್ರ.”

“ಕೊಡ್ತೀನಿ. ಆದರೆ ಒಂದು ಹೇಳ್ತೀನಿ, ಕೋರ್ಟು ಕೂಡ...”

“ಕೋರ್ಟು ಮೋಸ ಅಂತ ಹೇಳ್ತೀರ. ಸಾರ್, ನಮ್ ಜನಕ್ಕೆ ಕಾನೂನು ಮೋಸ ಅಂತ ಯಾರೂ ಪಾಠ ಮಾಡಬೇಕಾಗಿಲ್ಲ. ಹುಟ್ಟಿದಾಗಿಂದ ತೆರಿಯುಂ. ಯಾವ ಸೆಕ್ಷನ್ ಅನ್ನೋದು ಮಾತ್ರ ತೆರಿಯಲ್ಲ. ನೀವು ಅದನ್ನ ಹೇಳ್ಕೊಡದೆ, ನಮಗೆ ಗೊತ್ತಿರೋದನ್ನೇ ನಾಲ್ಕು ವಾರ ಹೇಳಿದ್ರಿ.”

ಒಳಗಿನಿಂದ ಅಮ್ಮ ಕಾಫಿ ತಂದರು. ಆಕೆ ಕುಡಿಯಿರಿ ಎನ್ನಲಿಲ್ಲ. ನಾನು ಲೋಟ ಖಾಲಿ ಮಾಡಿ ಎದ್ದೆ.

ಆಮೇಲೆ ನಾಲ್ಕು ವರ್ಷ ನಾನು ಆಕೆಗೆ ತೀರ್ಪುಗಳ ನಕಲು ಒದಗಿಸಿದೆ. ಕಚೇರಿಯ ಬೀರುವಿನ ಹಳೆಯ ಸಂಪುಟಗಳನ್ನೆಲ್ಲ ಜಾಲಾಡಿದೆ. ಮೊದಮೊದಲು ಅಂಚಿನಲ್ಲಿ ಪೆನ್ಸಿಲಿನಿಂದ ಟಿಪ್ಪಣಿ ಬರೆಯುತ್ತಿದ್ದೆ: ‘ಈ ನ್ಯಾಯಾಧೀಶರ ಒಲವು ನೋಡಿ’, ‘ಇಲ್ಲಿ ತರ್ಕ ಮುರಿದಿದೆ’. ಒಮ್ಮೆ ಆಕೆಯ ಫೈಲು ನೋಡಿದಾಗ ಎಲ್ಲ ಟಿಪ್ಪಣಿಗಳನ್ನೂ ರಬ್ಬರಿನಿಂದ ಉಜ್ಜಿ ಹಾಕಿದ್ದು ಕಂಡಿತು. ಕೆಲವು ಕಡೆ ಕಾಗದವೇ ಹರಿಯುವಷ್ಟು ಉಜ್ಜಿದ್ದಳು. ಬರೆಯುವುದನ್ನು ಬಿಟ್ಟೆ. ಈ ನಡುವೆ ಆಕೆ ಒಂದು ಹೊಲಿಗೆ ಘಟಕದಲ್ಲಿ ಕೆಲಸ ಮಾಡುತ್ತಿದ್ದಳು. ಡಿಪ್ಲೊಮಾವನ್ನು ಬೇರೆ ಕಡೆ, ಅಂಚೆಯ ಮೂಲಕ ಮುಗಿಸಿದಳು. ನನ್ನ ತರಗತಿಗೆ ಮತ್ತೆ ಕಾಲಿಡಲಿಲ್ಲ. ಮನೆಗೆ ಹೋದರೆ ಬಾಗಿಲಲ್ಲೇ ನಕಲು ತೆಗೆದುಕೊಂಡು, “ಸರಿ ಸಾರ್,” ಎಂದು ಕದ ಹಾಕುತ್ತಿದ್ದಳು. ಆ ‘ಸರಿ’ಯಲ್ಲಿ ವರ್ಷಗಳು ಕಳೆದರೂ ಒಂದು ಎಳೆ ಮೃದುತ್ವ ಬರಲಿಲ್ಲ.

ಹೊಸ ಶತಮಾನ ಬಂದ ಮೇಲೆ ಕಾರ್ಮಿಕ ನ್ಯಾಯಾಲಯದಲ್ಲಿ ಆಕೆಯ ದಾವೆ ವಿಚಾರಣೆಗೆ ಬಂತು. ಯೂನಿಯನ್ನಿನ ಒಬ್ಬ ವಕೀಲರು ಪಕ್ಕದಲ್ಲಿ ಇದ್ದರು, ಆದರೆ ಫೈಲನ್ನು ತಲೆಯೊಳಗೆ ಇಟ್ಟುಕೊಂಡಿದ್ದವಳು ಆಕೆಯೇ. ಮೊದಲ ಪ್ರಶ್ನೆ ಒಂದೇ: ಕಾರ್ಖಾನೆಯ ವಿಚಾರಣೆ ನ್ಯಾಯವಾಗಿ ನಡೆಯಿತೇ? ಆಕೆ ತಾನಾಗಿ ಎದ್ದುಹೋಗಿದ್ದರೆ ದೂರಲು ಏನೂ ಉಳಿಯುತ್ತಿರಲಿಲ್ಲ. ಇರುತ್ತೇನೆ ಎಂದವಳನ್ನು ಪ್ರತಿನಿಧಿಯೇ ಎಬ್ಬಿಸಿದ, ಅದಾದ ಮೇಲೆ ಇನ್ನೊಂದು ದಿನ ಕೊಡಿ ಎಂದು ಆಕೆ ಬರೆದ ಪತ್ರಕ್ಕೆ ಕಂಪನಿ ಉತ್ತರವನ್ನೇ ಕೊಡಲಿಲ್ಲ ಎಂದು ತೋರಿಸಿದರೆ ದಾರಿಯಿತ್ತು. ಆ ಪತ್ರದ ವಿಷಯ ನನಗೆ ಗೊತ್ತೇ ಇರಲಿಲ್ಲ. ಹೊರನಡೆದ ಮರುದಿನವೇ ನನ್ನನ್ನು ಕೇಳದೆ ಕಳಿಸಿ, ಅಂಚೆಯ ರಸೀದಿ ಜೋಪಾನ ಮಾಡಿದ್ದಳು.

ಹಾಗಾಗಿ ಆಕೆಗೆ ನನ್ನ ಸಾಕ್ಷ್ಯ ಬೇಕಾಯಿತು. ಹೇಳಲು ಮನೆಗೆ ಬಂದಳು, ಅದೊಂದೇ ಸಲ. ಹೆಂಡತಿ ಉಪ್ಪಿಟ್ಟು ಕೊಟ್ಟಳು. ತಮಿಳು ಶಾಲೆಗೆ ಹೋಗುತ್ತಿದ್ದ ನಮ್ಮ ಮಗಳೊಂದಿಗೆ ಆಕೆ ನಗುನಗುತ್ತ ತಮಿಳಿನಲ್ಲಿ ಹರಟಿದಳು. ಆಕೆ ನಗುವುದನ್ನು ನಾನು ನೋಡಿದ್ದು ಆಗ ಮಾತ್ರ. ನನ್ನ ಕಡೆ ತಿರುಗಿದಾಗ ಮುಖ ಮೊದಲಿನಂತಾಯಿತು.

“ನಡೆದದ್ದು ಮಾತ್ರ ಹೇಳಿ ಸಾರ್. ಯಾಕೆ ನಡೀತು ಅಂತ ಬೇಡ.”

ಕಟಕಟೆಯಲ್ಲಿ ನಿಂತು ಹೇಳಿದೆ. ಆಕೆ ಕೂತ್ಕೊಳ್ಳಿ ಎಂದಳು, ನಾನು ಏಳಿ ಎಂದೆ, ಆಕೆ ಇನ್ನೊಮ್ಮೆ ಬೇಡ ಎಂದಳು, ನಾನು ಹೊರಟೆ. ಪ್ರಶ್ನೆಗಳ ಹಾಳೆ? ಮಗುಚಿ ಇಟ್ಟೆ. ಇಷ್ಟನ್ನು ಹೇಳಲು ಎರಡು ನಿಮಿಷ ಸಾಕಾಯಿತು.

ಕಂಪನಿಯ ವಕೀಲ ಎದ್ದ. ಅವನ ಕೈಯಲ್ಲಿ ಆ ನೋಟ್ ಪುಸ್ತಕವಿತ್ತು. ಮೂರನೆಯ ಭಾನುವಾರದ ಪುಟ ತೆರೆದು ನಾನು ಹಲಗೆಯ ಮೇಲೆ ಬರೆದದ್ದನ್ನು ಓದಿದ. ಇದು ನಿಮ್ಮ ಮಾತೇ? ಹೌದು. ನ್ಯಾಯಾಧೀಶರು ತೀರ್ಪು ಕೊಡುವುದು ಕಾನೂನಿನ ಪ್ರಕಾರವಲ್ಲ, ತಮ್ಮ ಒಲವಿನ ಪ್ರಕಾರ ಎಂದೂ ಕಲಿಸಿದ್ದೀರಾ? ಹೆಚ್ಚುಕಮ್ಮಿ ಹಾಗೆಯೇ. ಹಾಗಾದರೆ ಈ ನ್ಯಾಯಾಲಯವೂ ಹಾಗೆಯೇ ಎನ್ನುತ್ತೀರಾ?

ಹೌದು ಎಂದರೆ ಆಕೆ ಮುಳುಗುತ್ತಾಳೆ, ಇಲ್ಲ ಎಂದರೆ ನಾನು ಸುಳ್ಳುಗಾರ. ಬಾಯಿ ತೆರೆದೆ. ಒಲವು ಎಂಬ ಪದವನ್ನು ನಾನು ಬಳಸಿದ ಅರ್ಥದಿಂದ ಶುರು ಮಾಡಬೇಕೆಂದು ಗಂಟಲು ಸರಿಮಾಡಿಕೊಂಡೆ. ಪಂಥದ ಹುಟ್ಟು, ಅದರೊಳಗಿನ ಭಿನ್ನಮತ, ಎಲ್ಲ ಸಾಲುಗಟ್ಟಿ ನಿಂತಿದ್ದವು. ಆಕೆ ಬೆಂಚಿನಲ್ಲಿ ಕಣ್ಣು ಮುಚ್ಚಿಕೊಂಡದ್ದು ಕಂಡಿತು.

ನ್ಯಾಯಾಧೀಶರು ಗಡಿಯಾರ ನೋಡಿದರು. “ಇದು ದಾವೆಗೆ ಸಂಬಂಧಪಟ್ಟದ್ದಲ್ಲ. ಮುಂದಿನ ಪ್ರಶ್ನೆ,” ಎಂದರು.

ಬೆರಳಚ್ಚುಗಾರ್ತಿ ಅದನ್ನು ಟೈಪು ಕೂಡ ಮಾಡಲಿಲ್ಲ. ನನ್ನ ಐದು ವರ್ಷದ ಓದು, ನಾಲ್ಕು ಭಾನುವಾರಗಳ ಪಾಠ, ಕಾರ್ಖಾನೆಯ ಕೋಣೆಯ ಭಾಷಣ ಎಲ್ಲವೂ ದಾಖಲೆಯ ಹೊರಗೆ ಉಳಿಯಿತು. ದಾಖಲೆಗೆ ಹೋದದ್ದು ನಾನು ಎದ್ದದ್ದು, ಆಕೆ ಬೇಡ ಎಂದದ್ದು. ಅಷ್ಟು ಬೇಸರದಲ್ಲಿ ಯಾರೂ ನನ್ನನ್ನು ಅಷ್ಟು ಚೆನ್ನಾಗಿ ಉಳಿಸಿರಲಿಲ್ಲ. ಆ ನ್ಯಾಯಾಧೀಶರ ಮೇಲೆ ನನಗೆ ಬಂದ ಕೋಪ ಹೇಳತೀರದು.

ಕಾರ್ಖಾನೆಯ ವಿಚಾರಣೆಯನ್ನು ನ್ಯಾಯಾಲಯ ತಳ್ಳಿಹಾಕಿತು. ಕಂಪನಿ ಆಪಾದನೆಯನ್ನು ಮತ್ತೆ ಮೊದಲಿನಿಂದ ಅಲ್ಲಿಯೇ ಸಾಬೀತು ಮಾಡಬೇಕಾಯಿತು. ಸೂಪರ್‌ವೈಸರ್ ಬಂದ. ಆಕೆ ತನ್ನ ಹಳೆಯ ಹಾಳೆಯನ್ನು ವಕೀಲರ ಕೈಗೆ ಕೊಟ್ಟಳು. ಹತ್ತೊಂಬತ್ತರಲ್ಲಿ ಏಳನೆಯ ಪ್ರಶ್ನೆಗೇ ಅವನು ಉಳರಿದ. ಬೈದ ದಿನವೆಂದು ಅವನು ಹೇಳಿದ ದಿನ ಆಕೆ ರಜೆಯಲ್ಲಿದ್ದಳು. ಗೋಡೆಗೆ ಅಂಟಿಸಿದ ಕಾಗದದ ಬಗ್ಗೆ, ಕಾಯಿದೆಯ ಒಂದು ಸಾಲನ್ನು ಕಾರ್ಮಿಕರಿಗೆ ಓದಲು ಹಾಕುವುದು ವಜಾ ಮಾಡುವಂಥ ಅಪರಾಧವಲ್ಲ ಎಂದು ತೀರ್ಪಿನಲ್ಲಿ ಬಂತು. ಕೆಲಸಕ್ಕೆ ವಾಪಸು ತೆಗೆದುಕೊಳ್ಳಬೇಕು, ಸೇವೆ ಮುರಿದಿಲ್ಲ ಎಂದು ಭಾವಿಸಬೇಕು ಎಂಬ ಆದೇಶ.

ಆಕೆ ವಾಪಸು ಹೋದಳು. ಬಿಲ್ಲೆ ಮತ್ತೆ ಹೋಯಿತು. ಈ ಸಲ ಕಂಪನಿಯೇ ಬರೆದು ಹಾಕಿದ ಆದೇಶದ ಮೂಲಕ ಹೋಯಿತು. ಕಂಪನಿ ಆಕೆಯನ್ನು ಲೈನಿನಿಂದ ತೆಗೆದು ಪ್ಯಾಕಿಂಗ್ ವಿಭಾಗದ ಮೂಲೆಗೆ ಹಾಕಿತು. ಅದರ ವಿರುದ್ಧವೂ ಅರ್ಜಿ ಹಾಕಿದಳಂತೆ.

ಆ ದಿನಗಳಲ್ಲಿ ನಾನು ನುಂಗಂಬಾಕ್ಕಂನ ಒಂದು ವಿದೇಶಿ ಗ್ರಂಥಾಲಯದಲ್ಲಿ ಓದುತ್ತ ಕೂತಿದ್ದಾಗ ಒಂದು ಲೇಖನ ಕಣ್ಣಿಗೆ ಬಿತ್ತು. ನನ್ನ ಪಂಥದ ಗುರುಗಳನ್ನು ಅವರದೇ ನಾಡಿನ ಕಪ್ಪು ಜನಾಂಗದ ವಿದ್ವಾಂಸರು ತರಾಟೆಗೆ ತೆಗೆದುಕೊಂಡಿದ್ದರು. ಹಕ್ಕು ಹುಟ್ಟಿನಿಂದಲೇ ಇದ್ದವರಿಗೆ ಅದು ಕಾಗದವೆಂದು ಬಿಸಾಡುವುದು ಸುಲಭ, ಅದೇ ಇಲ್ಲದೆ ಬದುಕಿದವರಿಗೆ ತಮ್ಮನ್ನು ಮನುಷ್ಯರೆಂದು ಒಪ್ಪಿಕೊಂಡ ಮೊದಲ ಗುರುತು ಅದು ಎಂಬುದು ವಾದದ ಸಾರ. ಅದು ಅಚ್ಚಾದದ್ದು ನನ್ನ ಮೂರನೆಯ ಭಾನುವಾರಕ್ಕಿಂತ ಎಷ್ಟೋ ವರ್ಷ ಮೊದಲು. ಅಂದರೆ ಈ ಜಗಳ ನಡೆದು ಮುಗಿದಿತ್ತು. ನನ್ನ ಕೈಗೆ ಬಂದದ್ದು ಒಂದು ಪಕ್ಷದ ಕಾಗದಗಳು ಮಾತ್ರ, ಇನ್ನೊಂದು ಪಕ್ಷವಿದೆ ಎಂದು ನಾನು ಹುಡುಕಿರಲೂ ಇಲ್ಲ. ಓದುತ್ತ ನನಗೆ ಸಂತೋಷಕ್ಕಿಂತ ಹೆಚ್ಚಾಗಿ ರೇಗಿತು.

ನಕಲು ಮಾಡಿಸಿ ಗಿಂಡಿಗೆ ಹೋದೆ. ಪಾಳಿ ಬಿಡುವ ಹೊತ್ತು. ಆಕೆ ನಾಲ್ಕೈದು ಹೆಂಗಸರೊಂದಿಗೆ ಗೇಟಿನಿಂದ ಹೊರಬಂದಳು. ಆ ಹೊತ್ತಿಗೆ ಎಸ್ಟೇಟಿನ ಹೆಂಗಸರಿಗೆ ವಾರಕ್ಕೊಮ್ಮೆ ಆಕೆಯೇ ಕಾಯಿದೆಯ ತರಗತಿ ನಡೆಸುತ್ತಿದ್ದಳು. ಲೇಖನ ಕೊಟ್ಟು, “ನೀವು ಮೆಟ್ಟಿಲ ಮೇಲೆ ನನಗೆ ಹೇಳಿದ್ದನ್ನೇ ಇವರು ಬರೆದಿದಾರೆ,” ಎಂದೆ.

ಅಲ್ಲೇ ನಿಂತು ಎರಡು ಪುಟ ಓದಿದಳು. ಇಂಗ್ಲಿಷನ್ನು ತುಟಿಯಲ್ಲಿ ಅಂದುಕೊಂಡು ನಿಧಾನವಾಗಿ ಓದಿದಳು. ಜೊತೆಯ ಹೆಂಗಸರು ಕಾದರು. ಆಮೇಲೆ ಹಾಳೆಗಳನ್ನು ಜೋಡಿಸಿ ನನ್ನ ಕೈಗೇ ಕೊಟ್ಟಳು.

“ಇದು ನನಗೆ ತೆರಿಯುಂ ಸಾರ್. ಇದನ್ನ ಅವರು ಬರೆದಿರೋದು ನಿಮ್ಮಂಥವರಿಗೆ. ನೀವು ಇಟ್ಕೊಳ್ಳಿ.”

ನಿಮ್ಮ ತರಗತಿಗೆ ಒಮ್ಮೆ ಬಂದು ಏನಾದರೂ ಸಹಾಯ ಮಾಡಲೇ ಎಂದು ಕೇಳಿದೆ. ಕೇಳಬಾರದಿತ್ತು.

“ಚುಮ್ಮಾ ಬಂದು ಹಿಂದೆ ಕೂತ್ಕೊಳ್ಳೋದಾದ್ರೆ ಬನ್ನಿ. ಮಾತಾಡೋದಾದ್ರೆ ಬೇಡ,” ಎಂದು ಹೇಳಿ ಹೆಂಗಸರ ಜೊತೆ ಸ್ಟೇಷನ್ನಿನ ಕಡೆ ತಿರುಗಿದಳು.

ಮೂರು ಶನಿವಾರ ಹೋಗಿ ಹಿಂದೆ ಕೂತೆ. ಒಂದು ಟೀ ಅಂಗಡಿಯ ಮೇಲಿನ ಕೋಣೆ. ಇಪ್ಪತ್ತು ಹೆಂಗಸರು, ಒಂದೇ ಫ್ಯಾನು. ಆಕೆ ಕಾಯಿದೆಯನ್ನು ಒಂದೊಂದೇ ಸಾಲು ಓದಿಸಿ, ನಿಮ್ಮ ಫ್ಯಾಕ್ಟರಿಯಲ್ಲಿ ಇದು ಇದೆಯಾ ಇಲ್ಲವಾ ಎಂದು ಒಬ್ಬೊಬ್ಬರನ್ನೇ ಕೇಳುತ್ತಿದ್ದಳು. ಯಾರಾದರೂ ಇದೆಲ್ಲ ಸುಳ್ಳಕ್ಕಾ, ಯಾರು ಕೊಡ್ತಾರೆ ಎಂದರೆ ಬೈಯುತ್ತಿರಲಿಲ್ಲ, “ಸುಳ್ಳು ಅಂತ ಬರ್ಕೋ, ದಿನಾಂಕ ಹಾಕು,” ಎನ್ನುತ್ತಿದ್ದಳು. ನನ್ನನ್ನು ಯಾರಿಗೂ ಪರಿಚಯಿಸಲಿಲ್ಲ. ನಾಲ್ಕನೆಯ ಶನಿವಾರ ಕಚೇರಿಯಲ್ಲಿ ಕೆಲಸವಿತ್ತು, ಹೋಗಲಿಲ್ಲ. ಅದರ ಮುಂದಿನ ವಾರವೂ ಹೋಗಲಿಲ್ಲ. ಯಾಕೆ ಬರಲಿಲ್ಲ ಎಂದು ಆಕೆಯೂ ಕೇಳಿ ಕಳಿಸಲಿಲ್ಲ. ಆ ವರ್ಷದ ಕೊನೆಗೆ ಹೆಂಡತಿಗೆ ಮತ್ತೆ ವರ್ಗವಾಯಿತು, ನಾವು ಮದರಾಸು ಬಿಟ್ಟೆವು.